ಸೈನ್ಯದ ಫಾಲ್ಗುಣ

ನಾನು ಒಂದು ಚೀಟಿ. ಐದು ಅಂಗುಲ ಉದ್ದ, ಮೂರು ಅಂಗುಲ ಅಗಲ. ಧಾರವಾಡದ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳನ್ನು ಕತ್ತರಿಸಿ ಉಳಿದ ದಪ್ಪ ಕಾಗದದ ಅಂಚಿನಿಂದ ನನ್ನನ್ನು ಮಾಡಿದರು. ನನ್ನ ಜೊತೆಗೆ ಆ ದಿನ ಹುಟ್ಟಿದವು ಸುಮಾರು ಆರುನೂರು ಚೀಟಿಗಳು. ಸುಮಾರು ಎಂದೆ, ಏಕೆಂದರೆ ಎಣಿಸುತ್ತಿದ್ದವನು ನಡುವೆ ಒಮ್ಮೆ ಸೀನಿದ. ಆಮೇಲೆ ಯಾವ ಸಂಖ್ಯೆಯಿಂದ ಮುಂದುವರಿಸಿದನೋ ನನಗೆ ಖಚಿತವಿಲ್ಲ.

ನಮ್ಮನ್ನು ಕೊಂಡುಹೋದದ್ದು ನುಡಿಗಂಟು ಮಂಡಲಿಯವರು. ಬೇರೆ ದೇಶಗಳ ಸಂಗೀತಕ್ಕೆ ಸೇರಿದ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಡುವ ಕೋಶವೊಂದನ್ನು ಅವರು ಸಿದ್ಧಪಡಿಸುತ್ತಿದ್ದರು. ಒಂದು ಪದಕ್ಕೆ ಒಂದು ಚೀಟಿ. ನನ್ನ ಪಾಲಿಗೆ ಬಂದ ಪದವನ್ನು ಬರೆದವರು ಕಮತಗಿ ಮಾಸ್ತರರು. ಗ್ರೀಕ್ ಬಲ್ಲವರು ಅಲ್ಲಿ ಅವರೊಬ್ಬರೇ. ಅವರಿಗೆ ದಮ್ಮಿನ ರೋಗವಿತ್ತು. ಬರೆಯುವಾಗಲೂ ಒಂದೊಂದು ಪದಕ್ಕೆ ನಿಂತು ಉಸಿರೆಳೆದುಕೊಳ್ಳುವರು. ನಿಂತಲ್ಲೆಲ್ಲ ಲೇಖನಿ ಒಂದು ಚುಕ್ಕೆ ಇಡುತ್ತಿತ್ತು. ನನ್ನ ಮೇಲೆ ಅವರು ಬರೆದದ್ದು ಇಷ್ಟು:

ಎಂಬಟೀರಿಯನ್. ಗ್ರೀಕ್. ಸೈನ್ಯ. ಮಾರ್ಚ್. ಹಡಗು ಹತ್ತುವಾಗಿನ ಬಲಿಗೂ. ಇದೇ ಹೆಸರು.

ಆಮೇಲೆ ನನ್ನನ್ನು ಮಗುಚಿ, ಬೆನ್ನ ಮೇಲೆ ಪೆನ್ಸಿಲಿನಿಂದ ಎರಡು ಸಣ್ಣ ಬಟ್ಟಲು, ಒಂದು ಅಡ್ಡಗೆರೆ ಎಳೆದರು. ಏನೆಂದು ಹೇಳಲಿಲ್ಲ. ಅದೇ ವರ್ಷ ಮಳೆಗಾಲದಲ್ಲಿ ಮಾಸ್ತರರು ತೀರಿಕೊಂಡರು.

ಅಲ್ಲಿಂದ ನಾನು ಇಂದುಮತಿ ಪಟ್ಟೇದ ಅವರ ಕೈಗೆ ಬಂದೆ. ಚೀಟಿಗಳನ್ನು ತಿದ್ದಿ ಅಚ್ಚಿಗೆ ಸಿದ್ಧಮಾಡುವುದು ಅವರ ಕೆಲಸ. ಮೇಜಿನ ಮೇಲೆ ಮಲಗಿರುವ ನನಗೆ ಮನುಷ್ಯರ ಗದ್ದ ಮೊದಲು ಕಾಣುತ್ತದೆ. ಅವರ ಗದ್ದದ ಮೇಲೆ ಯಾವಾಗಲೂ ಒಂದು ಬೆರಳು ಇರುತ್ತಿತ್ತು. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದವರು. ಐದು ವರ್ಷದಿಂದ ಹಂಗಾಮಿ ನೌಕರಿಯಲ್ಲಿದ್ದು, ಕಾಯಂ ಆಗುವ ಕಾಗದಕ್ಕಾಗಿ ಕಾಯುತ್ತಿದ್ದರು.

ಅರ್ಥದಲ್ಲಿ ಇಂಗ್ಲಿಷ್ ಪದ ಇರಕೂಡದು ಎಂಬುದು ಮಂಡಲಿಯ ನಿಯಮ. ಆ ವಾರವಿಡೀ ಇಂದುಮತಿಯವರು ಯುರೋಪಿನ ಸಂಗೀತೋತ್ಸವಗಳ ಚೀಟಿಗಳನ್ನು ತಿದ್ದುತ್ತಿದ್ದರು. ಏಪ್ರಿಲ್ ಇದ್ದಲ್ಲಿ ಚೈತ್ರ, ಮೇ ಇದ್ದಲ್ಲಿ ವೈಶಾಖ. ಅವುಗಳ ಹಿಂದೆಯೇ ನಾನು ಬಂದೆ. ಸೈನ್ಯ, ಚುಕ್ಕೆ. ಮಾರ್ಚ್, ಚುಕ್ಕೆ. ಅವರು ಬೇಜವಾಬ್ದಾರಿಯಿಂದ ಕೆಲಸ ಮಾಡಿದರೆಂದು ಯಾರೂ ತಿಳಿಯಬಾರದು. ಎದ್ದುಹೋಗಿ ಗ್ರೀಸಿನ ಚರಿತ್ರೆಯ ಪುಸ್ತಕ ತಂದು ಓದಿದರು. ಚಳಿಗಾಲದಲ್ಲಿ ಅಲ್ಲಿನ ಸಮುದ್ರ ಒರಟು, ವಸಂತದ ಹೊತ್ತಿಗೆ ಹಡಗುಗಳು ಹೊರಡುತ್ತಿದ್ದವು ಎಂದು ಅದರಲ್ಲಿತ್ತು. ಅವರಿಗೆ ಸಮಾಧಾನವಾಯಿತು. ಮಾಸ್ತರರ ಸಾಲಿನ ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಬರೆದರು: "ಗ್ರೀಕ್ ಸೈನ್ಯವು ಫಾಲ್ಗುಣ ಮಾಸದಲ್ಲಿ ಹಡಗು ಹತ್ತುವಾಗ ಕೊಡುತ್ತಿದ್ದ ಬಲಿ, ಆಗಿನ ಹಾಡು."

ಸಂಪಾದಕರಾದ ಹಂಚಿನಾಳ ಸಾಹೇಬರು ದಿನಕ್ಕೆ ಇನ್ನೂರು ಚೀಟಿ ನೋಡುತ್ತಿದ್ದರು. ನನ್ನನ್ನೂ ನೋಡಿ, ಮೂಲೆಯಲ್ಲಿ ಕೆಂಪು ಶಾಯಿಯ ಸಹಿ ಹಾಕಿದರು. ನಾನು ಅಚ್ಚಿಗೆ ಹೋದೆ.

ಅಚ್ಚಿನ ಕರಡು ಬಂದಾಗ ಅದನ್ನು ತಾಳೆ ನೋಡಲು ಇಬ್ಬರು ಬೇಕು. ಒಬ್ಬರು ಚೀಟಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗಬೇಕು. ಜೊತೆಯ ಗುಮಾಸ್ತರು ರಜೆಯಲ್ಲಿದ್ದುದರಿಂದ, ಹನ್ನೆರಡು ದಿನ ತಡವಾಗಿ, ಜವಾನ ಯಲ್ಲಪ್ಪನನ್ನು ಕೂಡಿಸಿಕೊಂಡು ಇಂದುಮತಿಯವರು ಓದತೊಡಗಿದರು. ಯಲ್ಲಪ್ಪ ಹದಿನೆಂಟು ವರ್ಷ ಬೆಳಗಾವಿಯ ಪಲ್ಟನ್ನಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತನಾದವನು. ಹಲ್ಲು ಬಿದ್ದ ಮೇಲೆ ವಾದ್ಯ ಮುಟ್ಟಿರಲಿಲ್ಲ.

ನನ್ನ ಸರದಿ ಬಂತು. ಅವರು ಓದಿದರು. ಯಲ್ಲಪ್ಪನ ಬೆರಳು ನಿಂತಿತು.

"ಬಾಯಾರ, ದಂಡು ಪಂಚಾಂಗ ನೋಡಿ ಹಡಗ ಹತ್ತತದೇನ್ರಿ?"

"ಅವರ ಪದ್ಧತಿ ಹಂಗಿತ್ತು ಯಲ್ಲಪ್ಪ."

"ಇರಬಹುದ್ರಿ. ನಮಗಂತೂ ಇದು ಯಾವ ತಿಂಗಳಂತ ಯಾರೂ ಹೇಳತಿದ್ದಿಲ್ಲ. ಸೀಟಿ ಊದಿದರ ಹತ್ತೂದು, ಇನ್ನೊಮ್ಮೆ ಊದಿದರ ಇಳಿಯೂದು. ಮಾಸ್ತರು ಏನಂತ ಬರದಾರ?"

"ಸೈನ್ಯ. ಮಾರ್ಚ್."

ಯಲ್ಲಪ್ಪ ಕರಡನ್ನು ಕೆಳಗಿಟ್ಟ. ನಗಲಿಲ್ಲ.

"ಬಾಯಾರ, ಅದು ತಿಂಗಳಲ್ರಿ. ಅದು ಕಾಲು."

ಇಂದುಮತಿಯವರ ಬೆರಳು ಗದ್ದದಿಂದ ಇಳಿಯಿತು. ಅವರು ನನ್ನನ್ನು ಎತ್ತಿ ಹತ್ತಿರದಿಂದ ನೋಡಿದರು, ಮಾಸ್ತರರ ಚುಕ್ಕೆಯ ಮೇಲೆ ಉಗುರು ಇಟ್ಟು ಅದನ್ನು ಮುಚ್ಚಿ ಓದಿದರು. ಆಮೇಲೆ ಮಗುಚಿದರು. ಎರಡು ಬಟ್ಟಲು, ಒಂದು ಗೆರೆ. ಪೆನ್ಸಿಲಿನ ಮೊನೆ ಸರಿಯಿದೆಯೋ ಎಂದು ಗೀಚಿ ನೋಡಿದ್ದಾರೆಂದು ಅವರು ಇಷ್ಟು ದಿನ ಅಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

"ಲಘು, ಲಘು, ಗುರು," ಎಂದರು ಮೆಲ್ಲಗೆ. "ಸಗಣ."

"ಹಂಗಂದರ?"

"ಎರಡು ಸಣ್ಣ ಅಕ್ಷರ, ಒಂದು ದೊಡ್ಡದು."

ಯಲ್ಲಪ್ಪ ಎದ್ದು ನಿಂತು, ಚಪ್ಪಲಿ ಬಿಟ್ಟು, ಕಪಾಟಿನಿಂದ ಕಿಟಕಿಯವರೆಗೆ ನಡೆದು ತೋರಿಸಿದ. ತಕಧೀಂ, ತಕಧೀಂ. "ಸಣ್ಣವು ಕಾಲು ಎತ್ತಲಿಕ್ಕ್ರಿ, ದೊಡ್ಡದರ ಮ್ಯಾಲೆ ಊರೂದು. ಮುಂದಿನವಗ ಹೆದರಿಕಿ ಆದರೂ ಕಾಲು ನಿಂದರೂದಿಲ್ಲ. ಅದಕ್ಕಂತನ ಊದತಾರ."

ಅರ್ಥ ಅಷ್ಟೇ ಆಗಿತ್ತು. ಎಂಬಟೀರಿಯನ್ ಎಂದರೆ ಹೆಜ್ಜೆ ಮುಂದಿಡಿಸುವ ಹಾಡು. ಸ್ಪಾರ್ಟದ ಸೈನಿಕರು ಕೊಳಲಿನಂಥ ವಾದ್ಯದ ಜೊತೆಗೆ ಅದನ್ನು ಹಾಡುತ್ತ ಶತ್ರುವಿನ ಕಡೆಗೆ ನಡೆಯುತ್ತಿದ್ದರು. ಹಡಗಿನೊಳಕ್ಕೆ ಕಾಲಿಡುವುದೂ ಹೆಜ್ಜೆಯೇ ಆದ್ದರಿಂದ ಆಗಿನ ಬಲಿಗೂ ಅದೇ ಹೆಸರು. ಇಷ್ಟನ್ನು ಇಂದುಮತಿಯವರು ಎರಡು ದಿನ ಗ್ರಂಥಾಲಯದಲ್ಲಿ ಕೂತು ಖಚಿತಪಡಿಸಿಕೊಂಡರು. ಒಬ್ಬ ಜವಾನ ಹೇಳಿದನೆಂದು ತಿದ್ದಲು ಅವರಿಗೆ ಧೈರ್ಯ ಸಾಲಲಿಲ್ಲ. ತಾವು ಹೇಳಿದ್ದನ್ನೇ ನಂಬುವ ಧೈರ್ಯ ಅದಕ್ಕಿಂತ ಕಡಿಮೆ ಇತ್ತು.

ಇನ್ನು ಮಾರ್ಚ್‌ಗೆ ಕನ್ನಡ ಪದ. ಅವರು ಪಥಸಂಚಲನ ಎಂದರು.

"ಅಷ್ಟುದ್ದ ಹೇಳೂದರಾಗ ದಂಡು ನರೇಂದ್ರ ಹಳ್ಳಿ ದಾಟಿರತದ್ರಿ," ಎಂದ ಯಲ್ಲಪ್ಪ.

ಅವರು ನನ್ನ ಮೇಲೆ, ಫಾಲ್ಗುಣದ ಸಾಲಿನ ಕೆಳಗೆ ಬರೆದರು: ದಂಡಿನ ನಡೆ. ನಡೆ ಎಂಬುದು ಕಾಲಿಗೂ ಸರಿ, ತಾಳಕ್ಕೂ ಸರಿ.

ಆದರೆ ಇಷ್ಟರಲ್ಲಿ ಆ ಹಾಳೆ ಯಂತ್ರ ಹತ್ತಿತ್ತು. ಕರಡು ತಡವಾದ್ದರಿಂದ ಮುದ್ರಣಾಲಯದವರು ಕಾಯದೆ ಅಚ್ಚು ಶುರುಮಾಡಿದ್ದರು. ನಿಲ್ಲಿಸಬೇಕಾದರೆ ಹಂಚಿನಾಳ ಸಾಹೇಬರೇ ಹೇಳಬೇಕು. ಅವರಿಗೆ ಹೇಳಬೇಕಾದರೆ ನನ್ನನ್ನು ತೋರಿಸಬೇಕು. ಇಂದುಮತಿಯವರ ಕಾಯಂ ಕಾಗದ ಅದೇ ಶನಿವಾರ ಸಾಹೇಬರ ಮೇಜಿನಿಂದ ಮಂಡಲಿಯ ಸಭೆಗೆ ಹೋಗಲಿತ್ತು. ತಪ್ಪು ಯಾರ ಕೈಯದೆಂದು ತೋರುವುದು ನನ್ನ ಮೇಲೆ ಮಾತ್ರ. ನಾನಿಲ್ಲದಿದ್ದರೆ ಅದು ತೀರಿಹೋದ ಮಾಸ್ತರರದೂ ಆಗಬಹುದು, ಅಚ್ಚುಮೊಳೆ ಜೋಡಿಸಿದವನದೂ ಆಗಬಹುದು.

ಅವರು ನನ್ನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದರು. ದಪ್ಪ ಕಾಗದವಾದರೂ ನಾನು ಹರಿಯದ ಜಾತಿಯವನಲ್ಲ. ನನ್ನ ನಡುಮಧ್ಯೆ ಒಂದು ಸಣ್ಣ ಮಡಿಕೆ ಬಿತ್ತು. ಆಮೇಲೆ ಅವರು ನನ್ನನ್ನು ಹಿಡಿದುಕೊಂಡೇ ಸಾಹೇಬರ ಕೋಣೆಗೆ ನಡೆದರು.

ಸಾಹೇಬರು ಕನ್ನಡಕ ಏರಿಸಿ ಓದಿದರು.

"ಈ ಫಾಲ್ಗುಣ ಯಾರದು?"

"ನಂದರಿ."

"ಈ ಕೆಂಪು ಸಹಿ?"

"ನಿಮ್ಮದರಿ."

ಏರಿದ್ದ ಕನ್ನಡಕ ಕೆಳಗಿಳಿಯಿತು. "ಕೋಶದ ಕಡೀಕ ತಪ್ಪು ತಿದ್ದೋ ಒಪ್ಪೋಲೆ ಹಾಕೋಣ," ಎಂದರು ಸಾಹೇಬರು.

"ಒಪ್ಪೋಲೆ ಯಾರ ಓದತಾರ್ರಿ? ನಾನ ಈತನಕ ಓದಿಲ್ಲ."

"ಅಚ್ಚು ನಿಲ್ಲಸಬೇಕಂದರ ನಾ ಮಂಡಲಿಗೆ ಕಾರಣ ಹೇಳಬೇಕು. ನಿಮ್ಮ ಕಾಗದದ ಜೋಡಿ ಈ ಚೀಟಿನೂ ಹೋಗತದ. ತಿಳೀತಿಲ್ಲೊ?"

"ತಿಳೀತ್ರಿ."

"ಒಂದ ಪದ, ಇಂದುಮತಿ. ಧಾರವಾಡದಾಗ ಯಾವನರೆ ಸ್ಪಾರ್ಟಕ್ಕ ಹೊಂಟಾನೇನು?"

ಇಂದುಮತಿಯವರು ನನ್ನನ್ನು ಮೇಜಿನ ಮೇಲೆ ಸಾಹೇಬರ ಕಡೆಗೆ ಸರಿಸಿದರು. "ಮುಂದಿನವರು ಇದನ್ನ ನೋಡಿ ಬರಕೋತಾರ್ರಿ," ಎಂದರು. "ನಾ ಹಂಗಽ ಬರಕೊಂಡಾಕಿ. ಪುಸ್ತಕದಾಗ ಇದ್ದದ್ದು ಖರೇ ಅಂತ."

ಶನಿವಾರ ನಾನು ಸಭೆಗೆ ಹೋದೆ. ಏಳು ಗದ್ದಗಳು ನನ್ನ ಮೇಲೆ ಬಾಗಿದವು. ಯಾರೋ "ಸೈನ್ಯದ ಫಾಲ್ಗುಣ" ಎಂದರು, ಉಳಿದವರು ನಕ್ಕರು. ಹಂಚಿನಾಳ ಸಾಹೇಬರು ನಗಲಿಲ್ಲ, ತಮ್ಮ ಸಹಿಯ ಮಾತನ್ನೂ ಎತ್ತಲಿಲ್ಲ. ಸಭೆಯವರು ನ್ಯಾಯಸ್ಥರೇ. ಅಚ್ಚು ನಿಲ್ಲಿಸಿ ಹಾಳೆಯನ್ನು ಹೊಸದಾಗಿ ತೆಗೆಯಲು ಹೇಳಿದರು. ಕಾಯಂ ಕಾಗದವನ್ನು ಮುಂದಿನ ವರ್ಷ ನೋಡೋಣವೆಂದರು. ಜೊತೆಗೆ, ತಪ್ಪು ಮಾಡಿದವರು ಅದನ್ನು ಚೀಟಿಯ ಮೇಲೆಯೇ ಒಪ್ಪಿ ಬರೆಯಲಿ, ದಾಖಲೆಗೆ ಇರುತ್ತದೆ ಎಂದರು. ಇಂದುಮತಿಯವರು ಫಾಲ್ಗುಣದ ಸಾಲನ್ನು ಅಳತೆಪಟ್ಟಿ ಇಟ್ಟು ನೇರವಾಗಿ ಹೊಡೆದುಹಾಕಿದರು. ಅಂಚಿನಲ್ಲಿ ಬರೆದರು: ತಪ್ಪು ನನ್ನದು. ಇಂದುಮತಿ ಪಟ್ಟೇದ. ಕೆಳಗೆ ತಾರೀಖು.

ಮುಂದಿನ ವರ್ಷ ಯಾರೂ ನೋಡಲಿಲ್ಲ. ಅದರ ಮುಂದಿನ ವರ್ಷ ಅವರು ಗದಗಿನ ಒಂದು ಕನ್ನಡ ಶಾಲೆಗೆ ಸೇರಿಕೊಂಡು ಹೋದರೆಂದು ಯಲ್ಲಪ್ಪ ಯಾರಿಗೋ ಹೇಳಿದ್ದನ್ನು ಕೇಳಿದೆ. ಕೋಶ ಹೊರಬಂತು. ನನ್ನನ್ನು ಮೊದಲು ಮರದ ಪೆಟ್ಟಿಗೆಯಲ್ಲಿ, ಆಮೇಲೆ ಕಬ್ಬಿಣದ ಕಪಾಟಿನಲ್ಲಿ, ಈಗ ಒಂದು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇಟ್ಟಿದ್ದಾರೆ. ನನ್ನ ಅಂಚುಗಳು ಹಳದಿಯಾಗಿವೆ. ಮಡಿಕೆ ಇದ್ದಲ್ಲಿ ಬೆಳ್ಳಿಮೀನು ಎಂಬ ಹುಳು ಸ್ವಲ್ಪ ತಿಂದಿದೆ. ಈಚೆಗೆ ಯಾರೋ ಸಂಶೋಧಕರು ಬಂದು ಪೆಟ್ಟಿಗೆಯ ಪಕ್ಕದಲ್ಲೇ ಆ ಕೋಶವನ್ನು ತೆರೆದಿಟ್ಟಿದ್ದರು. ಆಗ ನೋಡಿದೆ. ಇನ್ನೂರ ಹನ್ನೊಂದನೆಯ ಪುಟದಲ್ಲಿ ನನ್ನ ಪದವಿದೆ. ಎಂಬಟೀರಿಯನ್: ದಂಡಿನ ನಡೆ. ಅರ್ಥ ಸರಿಯಾಗಿದೆ ಎಂದೇ ನನ್ನ ನಂಬಿಕೆ, ಆದರೂ ಗ್ರೀಕ್ ಬಲ್ಲವರು ಒಮ್ಮೆ ನೋಡಿದರೆ ಒಳ್ಳೆಯದು. ಮುನ್ನುಡಿಯಲ್ಲಿ ಮೂವತ್ತು ಜನರಿಗೆ ಕೃತಜ್ಞತೆ ಹೇಳಿದ್ದಾರೆ. ಮಾಸ್ತರರಿದ್ದಾರೆ, ಸಾಹೇಬರಿದ್ದಾರೆ, ಕಾಗದ ಒದಗಿಸಿದವರೂ ಇದ್ದಾರೆ. ಇಂದುಮತಿಯವರ ಹೆಸರು ಇಲ್ಲ. ನಾನು ಎರಡು ಸಲ ಹುಡುಕಿದೆ.

ಆ ಕೋಶದ ಕೆಲಸದಲ್ಲಿ ಅವರ ಹೆಸರು ಉಳಿದಿರುವುದು ನನ್ನ ಮೇಲೆ ಒಂದೇ ಕಡೆ, ಅದೂ ತಪ್ಪಿನ ಪಕ್ಕದಲ್ಲಿ. ಯಾರಾದರೂ ನನ್ನನ್ನು ಕೈಗೆತ್ತಿಕೊಂಡರೆ, ಹೊಡೆದುಹಾಕಿದ ಸಾಲಿಗೇ ನಿಲ್ಲದೆ, ಅದರ ಕೆಳಗಿನ ‘ದಂಡಿನ ನಡೆ’ಯನ್ನೂ ಓದಬೇಕು. ಎರಡೂ ಒಂದೇ ಕೈಯ ಬರಹ.