ಅಂಗೈಯಗಲದ ಎಂಜಿನ್ನು

ಗ್ಯಾರೇಜಿನ ಹಿಂಭಾಗದಲ್ಲಿ, ಕಿಟಕಿಗೆ ಒತ್ತಿಕೊಂಡಂತೆ ಒಂದು ಮರದ ಬೆಂಚಿತ್ತು. ಬೆಂಚಿನ ಮೇಲೆ ಲೋಹ ಕಡೆಯುವ ಒಂದು ಹಳೆಯ ಪುಟ್ಟ ಲೇತು. ಬೆಂಚಿನ ಉದ್ದ ಆರಡಿ, ಅಗಲ ಎರಡಡಿ. ಅಷ್ಟು ಜಾಗಕ್ಕಾಗಿ ಒಂದೇ ಮನೆಯಲ್ಲಿ ಊಟ ಮಾಡುವ ಇಬ್ಬರು ಗಂಡಸರು ಐದು ತಿಂಗಳು ಹಾವು ಮುಂಗುಸಿಯ ಹಾಗೆ ಬದುಕಿದರೆಂದರೆ ಕೇಳಿದವರು ನಗಬಹುದು. ನಗಲಿ. ದೇವರು ಭೂಮಿಯನ್ನು ಎಷ್ಟೇ ವಿಶಾಲವಾಗಿ ಹಾಸಿಕೊಟ್ಟಿದ್ದರೂ ಮನುಷ್ಯ ಕಾದಾಡುವುದು ತನ್ನ ಮೊಣಕೈ ತಾಗುವಷ್ಟು ಜಾಗಕ್ಕೇ.

ಇಬ್ಬರಲ್ಲಿ ಒಬ್ಬ ಆ ಮನೆಯ ಅಳಿಯ. ಇಪ್ಪತ್ತಾರರ ಮೆಕ್ಯಾನಿಕ್ಕು, ಲಾರಿ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಕೈ ಪಳಗಿದವನು. ಮದುವೆಯಾದ ಮೇಲೆ ಮಾವನ ಗ್ಯಾರೇಜಿನಲ್ಲೇ ಕೆಲಸಕ್ಕೆ ನಿಂತು, ಮಾವನ ಮನೆಯಲ್ಲೇ ಉಳಿದುಕೊಂಡಿದ್ದ. ಡ್ರೈವರುಗಳು ಕೂಡ "ಅಳಿಯಾ, ಬ್ರೇಕು ಸ್ವಲ್ಪ ನೋಡಪ್ಪ" ಎಂದೇ ಕರೆಯುತ್ತಿದ್ದರು. ಇನ್ನೊಬ್ಬ ಅವನ ಹೆಂಡತಿಯ ಅಣ್ಣ, ಅಂದರೆ ಭಾವ. ತಂಗಿಯ ಗಂಡ ಮನೆಯ ಹೊಸ್ತಿಲು ದಾಟಿದ ದಿನದಿಂದಲೂ ಭಾವನ ಹೊಟ್ಟೆಯಲ್ಲಿ ಒಂದು ಕೆಂಡವಿತ್ತು. ಆ ಬೆಂಚು ಎತ್ತಿ ಅಲ್ಲಿ ಟೈರು ಬಿಚ್ಚುವ ಮಷೀನು ಕೂರಿಸಬೇಕೆಂದು ಅವನು ಎರಡು ವರ್ಷದಿಂದ ಹೇಳುತ್ತಲೇ ಇದ್ದ.

ಅಳಿಯನಿಗೆ ಆ ಬೆಂಚಿನ ಹುಚ್ಚು ಹಿಡಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಒಂದು ಮಧ್ಯಾಹ್ನ ಚಪ್ಪಲಿ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, "ಒಂದು ಚೂರು ಗಾಳಿ ಕೊಡ್ತೀಯೇನಪ್ಪ?" ಎಂದರು. ಸೈಕಲ್ಲಿಗೋ ಏನೋ ಎಂದುಕೊಂಡು ಅಳಿಯ ಕಂಪ್ರೆಸರಿನ ಪೈಪು ಎಳೆದು ತಂದ. ಮೇಷ್ಟ್ರು ಡಬ್ಬಿಯಿಂದ ತೆಗೆದದ್ದು ಒಂದು ಎಂಜಿನ್ನು. ಸಿಲಿಂಡರು ಹೆಬ್ಬೆರಳಿನ ಗಾತ್ರ, ಗಾಲಿ ಅಂಗಿ ಗುಂಡಿಗಿಂತ ತುಸು ದೊಡ್ಡದು. ಗಾಳಿ ತಾಗಿದ್ದೇ ತಡ, ಅದು ಮೇಷ್ಟ್ರ ಅಂಗೈ ಮೇಲೆ ಕೂತು ಗುಬ್ಬಚ್ಚಿಯ ಎದೆಯ ಹಾಗೆ ಮಿಡಿಯಿತು. ಅಳಿಯ ಬಾಯಿ ತೆರೆದು ನಿಂತ. ಲಾರಿಯೊಂದರ ಗೇರ್‌ಬಾಕ್ಸು ಅರ್ಧ ಬಿಚ್ಚಿ ನೆಲದ ಮೇಲೆ ಎಣ್ಣೆ ಸೋರಿಸುತ್ತಿದ್ದದ್ದು ಅವನಿಗೆ ನೆನಪೇ ಇರಲಿಲ್ಲ.

"ಇದು ಏನು ಎಳೆಯುತ್ತೆ ಮೇಷ್ಟ್ರೇ?"

"ಏನೂ ಎಳೆಯಲ್ಲ. ಸುಮ್ನೆ ಓಡುತ್ತೆ."

ಏನೂ ಎಳೆಯದೆ ಸುಮ್ಮನೆ ಓಡುವ ಎಂಜಿನ್ನು! ಹತ್ತು ವರ್ಷ ಹೊರೆ ಹೊರುವ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಿದವನಿಗೆ ಆ ಮಾತು ಪ್ರಾರ್ಥನೆಯ ಹಾಗೆ ಕೇಳಿಸಿತು.

ಅಂದಿನಿಂದ ಅವನು ಊಟದ ಬಿಡುವಿನಲ್ಲಿ, ಭಾನುವಾರದ ಬೆಳಿಗ್ಗೆ, ಲೇತಿನ ಮುಂದೆ ನಿಲ್ಲತೊಡಗಿದ. ಒಡೆದ ಬ್ರೇಕ್ ಡ್ರಮ್ಮಿನ ಬೀಡು ಕಬ್ಬಿಣದಿಂದ ಪಿಸ್ಟನ್ನು ಮಾಡಿದ. ಹಿತ್ತಾಳೆಯ ಸರಳು ತುಂಡರಿಸಿ ಸಿಲಿಂಡರು ಕೊರೆದ. ಮೊದಲ ಎರಡು ಹಾಳಾದವು. ಮೂರನೆಯದು ಸುಮಾರಾಗಿ ಬಂತು. ಭಾವ ಹೋಗುವಾಗ ಬರುವಾಗ ಒಂದೊಂದು ಮಾತು ಎಸೆಯುತ್ತಿದ್ದ.

"ಏನ್ ಅಳಿಯ ದೇವ್ರು, ತೊಟ್ಟಿಲಿಗೆ ಕಟ್ಟೋ ಆಟಿಕೆ ರೆಡಿ ಆಯ್ತಾ? ಮಗು ಯಾವಾಗ?"

"ಮಗು ಆದ್ರೆ ಮೊದ್ಲು ನಿಮಗೇ ಹೇಳ್ತೀನಿ ಭಾವ. ಎತ್ಕೊಂಡು ತಿರುಗೋಕೆ ಪುರಸೊತ್ತಿರೋರು ನೀವೊಬ್ರೇ ಅಲ್ವಾ."

"ನಾಲಿಗೆ ನೋಡು. ಉಣ್ಣೋದು ನಮ್ಮ ಮನೇಲಿ."

"ಬಡಿಸೋದು ಅತ್ತೆ. ನೀವಲ್ಲ."

ಇಂಥ ಮಾತುಗಳು ಊಟದ ತಟ್ಟೆಯವರೆಗೂ ಹಿಂಬಾಲಿಸಿ ಬರುತ್ತಿದ್ದವು. ಹೆಂಡತಿ ಮೇಜಿನಡಿ ಅವನ ಕಾಲು ತುಳಿಯುತ್ತಿದ್ದಳು. ಮಾವ ಮಾತ್ರ ತಲೆ ಎತ್ತುತ್ತಿರಲಿಲ್ಲ. ಆತನ ಪ್ರೀತಿಯೂ ಸಿಟ್ಟೂ ಒಂದೇ ಮುಖದಲ್ಲಿ ಬರುತ್ತಿದ್ದುದರಿಂದ ಯಾವುದು ಯಾವುದೆಂದು ಮನೆಯವರಿಗೂ ಗೊತ್ತಾಗುತ್ತಿರಲಿಲ್ಲ. ಕಡೆಗೊಂದು ಸಂಜೆ ಭಾವ ಟೈರ್ ಮಷೀನಿನ ಮಾತು ತೆಗೆದು ತಟ್ಟೆ ತಳ್ಳಿದಾಗ ಮಾವ ಕೈ ತೊಳೆದು ಬಂದು ತೀರ್ಪು ಕೊಟ್ಟ.

"ಭಾನುವಾರ ಊಟಕ್ಕೆ ಮುಂಚೆ ನಿನ್ನ ಗೊಂಬೆ ಎಂಜಿನ್ನು ತೋರಿಸು. ಹತ್ತು ನಿಮಿಷ ಓಡ್ಬೇಕು. ಓಡಿದ್ರೆ ಬೆಂಚು ನಿಂದು. ಇಲ್ಲಾಂದ್ರೆ ಸೋಮವಾರ ಬೆಂಚು ಎತ್ತಿ, ಟೈರ್ ಮಷೀನು ಬರುತ್ತೆ. ಆಮೇಲೆ ಯಾರೂ ನನ್ನ ತಲೆ ತಿನ್ಬಾರ್ದು."

"ಹತ್ತು ನಿಮಿಷಾನಾ?" ಭಾವ ನಕ್ಕ. "ಒಂದು ಚಿಟಿಕೆ ಮರಳು ಬಿದ್ರೆ ಹತ್ತು ಸೆಕೆಂಡೂ ಓಡಲ್ಲ ಅದು."

ಆ ಮಾತು ಎಲ್ಲರ ಕಿವಿಗೂ ಬಿತ್ತು.

ಶನಿವಾರ ಅಳಿಯನಿಗೆ ಒಂದೇ ಚಿಂತೆ. ಪಿಸ್ಟನ್ನು ಸಿಲಿಂಡರಿನೊಳಗೆ ಹೋಗುತ್ತಿತ್ತು, ಆದರೆ ನಡುವೆ ಒಂದು ಕಡೆ ಬಿಗಿ. ಗಾಳಿಗೆ ಅಲ್ಲಾಡುತ್ತಿರಲಿಲ್ಲ. ಲಾರಿಯ ವಾಲ್ವು ಸರಿಯಾಗಿ ಕೂರದಿದ್ದರೆ ಮೆಕ್ಯಾನಿಕ್ಕು ಏನು ಮಾಡುತ್ತಾನೆ? ಅದಕ್ಕೆ ವಾಲ್ವ್ ಪೇಸ್ಟು ಹಚ್ಚಿ, ವಾಲ್ವಿಗೆ ಅಂಟಿಸಿದ ಕೋಲನ್ನು ಎರಡು ಅಂಗೈ ನಡುವೆ ಕಡೆಗೋಲಿನ ಹಾಗೆ ಆಡಿಸಿ ತಿಕ್ಕುತ್ತಾನೆ. ಪೇಸ್ಟಿನೊಳಗಿನ ಸಣ್ಣ ಹರಳು ಉಬ್ಬು ತಗ್ಗನ್ನು ತಿಂದು ವಾಲ್ವನ್ನೂ ಅದು ಕೂರುವ ಜಾಗವನ್ನೂ ಒಂದಕ್ಕೊಂದು ಹೊಂದಿಸುತ್ತದೆ. ಆ ಕೆಲಸದಲ್ಲಿ ಅಳಿಯನ ಕೈಯನ್ನು ಮಾವನೇ ಒಮ್ಮೆ ಹೊಗಳಿದ್ದ, ಹೊಗಳುವುದೆಂದರೆ, ಬೈದಿರಲಿಲ್ಲ. ಅಳಿಯ ಪೇಸ್ಟಿನ ಡಬ್ಬಿ ತೆರೆದ, ಪಿಸ್ಟನ್ನಿಗೆ ಬೆರಳಿನಿಂದ ತೆಳ್ಳಗೆ ಸವರಿ, ಸಿಲಿಂಡರಿನೊಳಗೆ ತಿರುಗಿಸುತ್ತ ಹಿಂದೆ ಮುಂದೆ ಆಡಿಸಿದ. ಅರ್ಧ ಗಂಟೆಯಲ್ಲಿ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಎಣ್ಣೆ ಬಿಟ್ಟು ಕಟ್ಟಿದ. ಅಂದು ಅವನು ದೇವರಿಗೆ ಕೈ ಮುಗಿದದ್ದು ಬೇಡಿಕೆಗಲ್ಲ, ಸಂತೋಷಕ್ಕೆ.

ಭಾನುವಾರ ಬೆಳಿಗ್ಗೆ ಭಾವ ಬೆಂಚಿನ ಪಕ್ಕದಲ್ಲೇ ನಿಂತು ಸ್ಪಾರ್ಕ್ ಪ್ಲಗ್ಗುಗಳಿಗೆ ಮರಳು ಹೊಡೆದು ಶುಚಿ ಮಾಡುತ್ತಿದ್ದ. ರಜೆಯ ದಿನ ಆ ಕೆಲಸ ಯಾಕೆಂದು ತಂಗಿ ಕೇಳಿದ್ದಕ್ಕೆ, "ನನ್ನಪ್ಪನ ಗ್ಯಾರೇಜು, ನಾನೇನಾದ್ರೂ ಮಾಡ್ಕೋತೀನಿ" ಎಂದ.

ಹನ್ನೆರಡರ ಹೊತ್ತಿಗೆ ಮನೆಯವರೆಲ್ಲ ಬಂದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ಮಾವ ಒಂದು ಟೈರಿನ ಮೇಲೆ ಕೂತು ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದ. ಅಳಿಯ ಪೈಪು ಸಿಕ್ಕಿಸಿ, ಗಾಳಿ ಬಿಟ್ಟು, ಗಾಲಿಯನ್ನು ಒಂದು ಬೆರಳಿನಿಂದ ತಟ್ಟಿದ.

ಓಡಿತು. ಮೊದಲು ತಡವರಿಸಿತು, ಆಮೇಲೆ ಒಂದೇ ಉಸಿರಿಗೆ ಹತ್ತಿತು. ಗಾಲಿಯ ಅರಗಳು ಕಾಣದಂತಾಗಿ ಬರೀ ಒಂದು ಹೊಳಪು ಉಳಿಯಿತು. ಅತ್ತೆ "ಅಯ್ಯೋ ನನ್ನ ಕಂದಾ!" ಎಂದಳು, ಅಳಿಯನಿಗೋ ಎಂಜಿನ್ನಿಗೋ ಗೊತ್ತಿಲ್ಲ. ಭಾವ ಬಾಯಲ್ಲಿ ಹಿಡಿದಿದ್ದ ಕಡ್ಡಿ ಜಗಿಯುವುದನ್ನು ಮರೆತ.

ಒಂದು ನಿಮಿಷ. ಎರಡು. ಮೂರನೆಯದಕ್ಕೆ ಸದ್ದು ಬದಲಾಯಿತು. ಒಳಗೆಲ್ಲೋ ಗಾಳಿ ಸೋರುವ ಉಸ್ಸೆಂಬ ದನಿ. ಅಳಿಯ ಗಾಳಿ ಹೆಚ್ಚಿಸಿದ. ಸಿಲಿಂಡರಿನ ಬಾಯಿಂದ ಕಾಡಿಗೆಯಂಥ ಕಪ್ಪು ಎಣ್ಣೆ ಉಕ್ಕಿತು. ನಾಲ್ಕು ನಿಮಿಷ ತುಂಬುವ ಮೊದಲೇ ಗಾಲಿ ಭಾರವಾಗಿ ಎರಡು ಸುತ್ತು ಸುತ್ತಿ ನಿಂತೇ ಹೋಯಿತು.

"ಹೋಗ್ಲಿ ಬಿಡಿ ದೇವ್ರು," ಎಂದ ಭಾವ. "ಮೂರು ಮುಕ್ಕಾಲು ನಿಮಿಷಕ್ಕೆ ಮುಕ್ಕಾಲಡಿ ಬೆಂಚು ಕೊಡೋಣ."

ಮಾವ ಎದ್ದು ಬಂದ. ಕಪ್ಪು ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದ. ಮತ್ತೆ ತಿಕ್ಕಿದ. ಐವತ್ತು ವರ್ಷ ಎಣ್ಣೆ ಮುಟ್ಟಿದ ಬೆರಳುಗಳವು.

"ಕರಕರ ಅನ್ನುತ್ತೆ. ಒಳಗೆ ಏನೋ ಬಿದ್ದಿದೆ."

ಹೆಂಡತಿ ಅಣ್ಣನ ಕಡೆ ತಿರುಗಿದಳು. ಅವನ ಅಂಗಿಯ ತೋಳಿಗೆ ಇನ್ನೂ ಪ್ಲಗ್ಗಿನ ಮರಳು ಮೆತ್ತಿಕೊಂಡಿತ್ತು.

"ಅಣ್ಣ! ನೀನೇ ಅಲ್ವಾ? ಚಿಟಿಕೆ ಮರಳು ಅಂತ ಬಾಯಿಬಿಟ್ಟು ಹೇಳಿದ್ದೆ. ಬೆಳಿಗ್ಗೆಯಿಂದ ಇಲ್ಲೇ ಸುತ್ತುತ್ತಿದ್ದೆ!"

"ಹುಚ್ಚು ಹಿಡಿದಿದ್ಯಾ ನಿಂಗೆ? ತಮಾಷೆಗೆ ಅಂದಿದ್ದು ಅದು. ಅಮ್ಮನಾಣೆ ನಾನು ಮುಟ್ಟಿಲ್ಲ."

"ನನ್ನಾಣೆ ಯಾಕೋ ಇಡ್ತೀಯ ಇದಕ್ಕೆಲ್ಲ," ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಮಾವ ಬೆರಳಿನ ಎಣ್ಣೆ ಒರೆಸಿಕೊಂಡ. "ಎದುರಿಗೆ ಬಡಿದಾಡು, ನಾನು ಬೇಡ ಅನ್ನಲ್ಲ. ಓಡೋ ಎಂಜಿನ್ನಿಗೆ ಮರಳು ಹಾಕ್ತೀಯಾ? ಈ ಮನೇಲಿ ಹುಟ್ಟಿ?" ಮಗನ ಕಡೆ ಒಂದು ಹೆಜ್ಜೆ ಇಟ್ಟ. "ಬೆಂಚು ಅಳಿಯಂದು. ಲೇತೂ ಅವಂದೇ. ನಿನ್ನ ಟೈರ್ ಮಷೀನು ರಸ್ತೆ ಮೇಲಿಟ್ಕೊಂಡು ಕೂತ್ಕೋ."

ಅಳಿಯ ಅಷ್ಟರಲ್ಲಿ ಪಿಸ್ಟನ್ನು ಎಳೆದು ತೆಗೆದಿದ್ದ. ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದ. ಹಳದಿ ಇರಬೇಕಾದ ಹಿತ್ತಾಳೆಯ ಗೋಡೆ ಮಬ್ಬು ಬೂದಿ ಬಣ್ಣವಾಗಿತ್ತು. ಬಟ್ಟೆ ತುರುಕಿ ಒರೆಸಿದ. ಬಣ್ಣ ಹೋಗಲಿಲ್ಲ. ಉಗುರು ಎಳೆದ. ಕಬ್ಬಿಣ ಉಜ್ಜುವ ಅರದ ಮೇಲೆ ಎಳೆದ ಹಾಗಾಯಿತು. ಮರಳು ಹೀಗಿರುವುದಿಲ್ಲ, ಈ ಬೂದಿ ಬಣ್ಣ ಅವನಿಗೆ ಚೆನ್ನಾಗಿ ಗೊತ್ತು. ಅದು ಪೇಸ್ಟಿನದು. ಲಾರಿಯ ವಾಲ್ವೂ ಅದರ ಕೂರುಗದ್ದುಗೆಯೂ ಗಟ್ಟಿ ಲೋಹ, ತಿಕ್ಕಿ ಒರೆಸಿದರೆ ಪೇಸ್ಟು ಬಿಟ್ಟು ಹೋಗುತ್ತದೆ. ಹಿತ್ತಾಳೆ ಮೆತ್ತಗಿನ ಜಾತಿ. ಹರಳುಗಳನ್ನು ತನ್ನ ಮೈಯೊಳಗೇ ನಾಟಿಸಿಕೊಂಡಿದೆ. ಸೀಮೆಎಣ್ಣೆಯಲ್ಲಿ ಮೂರು ಸಲವಲ್ಲ, ಮುನ್ನೂರು ಸಲ ತೊಳೆದರೂ ಬರುವುದಿಲ್ಲ. ಎಂಜಿನ್ನು ಓಡಿದಷ್ಟೂ ತನ್ನ ಪಿಸ್ಟನ್ನನ್ನು ತಾನೇ ಅರೆದು ತಿಂದಿದೆ.

ಅವನು ಸಿಲಿಂಡರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಐದು ತಿಂಗಳಿನಿಂದ ಬಯಸಿದ ಜಾಗ ಮಾವನ ಬಾಯಿಂದಲೇ ಅವನದಾಗಿತ್ತು, ಮೇಲೆ ಲೇತು ಬೇರೆ. ಎದುರಿಗೆ ಭಾವ ನಿಂತಿದ್ದ. ಅಷ್ಟು ದಿನ ಆಡಿಕೊಂಡ ಬಾಯಿ ಈಗ ಒಣಗಿ, ತುಟಿ ಅಂಟಿಕೊಂಡು, ಆಣೆ ಇಡಲು ಇನ್ನು ಯಾರೂ ಉಳಿದಿಲ್ಲದವನ ಹಾಗಿದ್ದ. ಅದನ್ನು ನೋಡುವುದು ಅಳಿಯನಿಗೆ ಹಿತವಾಗಿತ್ತು. ಸುಳ್ಳೇಕೆ ಹೇಳಲಿ, ಬಹಳ ಹಿತವಾಗಿತ್ತು. ಹೆಂಡತಿ ಅವನ ಮುಷ್ಟಿಯನ್ನೂ ಮುಖವನ್ನೂ ನೋಡಿ ಏನನ್ನೋ ಅರ್ಥ ಮಾಡಿಕೊಂಡು, ಬೇಡ ಎಂದು ಸಣ್ಣಗೆ ತಲೆಯಾಡಿಸಿದಳು. ಎದೆಯೊಳಗೆ ಕೂತು ಎಲ್ಲವನ್ನೂ ಕೇಳುವ ದೇವರೊಬ್ಬನಿದ್ದಾನಲ್ಲ, ಅವನು ಮಾತ್ರ ಹೌದೂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಸುಮ್ಮನೆ ಕಾಯುತ್ತಿದ್ದ. ಅದನ್ನು ತಡೆದುಕೊಳ್ಳುವುದು ಅಳಿಯನಿಂದ ಆಗಲಿಲ್ಲ.

"ಭಾವ ಹಾಕಿಲ್ಲ ಮಾವ," ಎಂದ. "ನಾನೇ. ನಿನ್ನೆ ವಾಲ್ವ್ ಪೇಸ್ಟು ಹಚ್ಚಿ ತಿಕ್ಕಿದ್ದೆ. ಹಿತ್ತಾಳೆಗೆ ಕಚ್ಕೊಂಡುಬಿಟ್ಟಿದೆ."

ಮಾವ ಸಿಲಿಂಡರು ಇಸಿದುಕೊಂಡು ನೋಡಿದ. ಮೂಗಿನ ಹತ್ತಿರ ಹಿಡಿದ. "ಹಿತ್ತಾಳೆಗೆ. ವಾಲ್ವ್ ಪೇಸ್ಟು." ಒಂದೊಂದು ಶಬ್ದವನ್ನೂ ಉಗುಳುವ ಹಾಗೆ ಹೇಳಿದ. "ಕತ್ತೆ ಕೂಡ ಹೀಗೆ ಮಾಡಲ್ಲ."

ಭಾವ ಕೃತಜ್ಞತೆ ಹೇಳುತ್ತಾನೆಂದು ಯಾರಾದರೂ ಕಾದಿದ್ದರೆ ಅವರು ಮನುಷ್ಯರನ್ನು ಬಲ್ಲವರಲ್ಲ. ಅವನು ಅಳಿಯನ ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದ.

"ಆ ಸಿಲಿಂಡರು ಎಷ್ಟು ಹೊತ್ತಿಂದ ಕೈಯಲ್ಲಿತ್ತು?"

ಅಳಿಯ ಖಾಲಿ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

"ನಾನು ನೋಡ್ತಾ ಇದ್ದೆ. ಗೊತ್ತಾದ ಮೇಲೂ ಸುಮ್ನಿದ್ದೆ ನೀನು. ನನ್ನಪ್ಪ ನನ್ನ ಕಳ್ಳನ ಹಾಗೆ ನಿಲ್ಲಿಸಿದಾಗ, ಅದನ್ನ ಒಂದು ಸ್ವಲ್ಪ ನೋಡೋಣ ಅಂತ ನಿಂತಿದ್ದೆ. ಹೌದೋ ಅಲ್ವೋ?"

"ಹೌದು," ಎಂದ ಅಳಿಯ.

ಭಾವನಿಗೆ ಆ ಉತ್ತರ ಬೇಕಿರಲಿಲ್ಲ. ಅಲ್ಲ ಎಂದಿದ್ದರೆ ಹೊಡೆಯಬಹುದಿತ್ತು. "ನಾಳೆ ಬೆಂಚು ನೀನೇ ಬಿಚ್ತೀಯ," ಎಂದು ಹೇಳಿ ಊಟಕ್ಕೂ ಬಾರದೆ ಹೊರಟುಹೋದ.

ಸೋಮವಾರ ಬೆಳಿಗ್ಗೆ ಅಳಿಯ ಬೆಂಚಿನಡಿ ಮಲಗಿ ಬೋಲ್ಟು ಬಿಚ್ಚುತ್ತಿದ್ದ. ಲೇತನ್ನು ಆಗಲೇ ಎತ್ತಿ ಹಿತ್ತಲ ತಗಡಿನ ಶೆಡ್ಡಿಗೆ ಸಾಗಿಸಿದ್ದರು. ಅಲ್ಲಿ ಕರೆಂಟೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಮಾವನ ಚಪ್ಪಲಿಗಳು ಬಂದು ಅವನ ತಲೆಯ ಹತ್ತಿರ ನಿಂತವು. ಅಳಿಯ ಕೆಳಗಿಂದಲೇ ಕೇಳಿದ.

"ಮತ್ತೆ ಹಿತ್ತಾಳೆಗೆ ಏನು ಹಚ್ಚಿ ತಿಕ್ಕಬೇಕು ಮಾವ?"

ಚಪ್ಪಲಿಯೊಂದು ನೆಲದ ಮೇಲೆ ಬಿದ್ದಿದ್ದ ನಟ್ಟನ್ನು ಅವನತ್ತ ತಳ್ಳಿತು.

"ತಿಕ್ಕೋದ್ಯಾಕೆ? ನೆಟ್ಟಗೆ ಕೊರೆದ್ರೆ ತಿಕ್ಕೋ ಕೆಲಸ ಎಲ್ಲಿ ಬರುತ್ತೆ? ಕೊನೇ ಸಲ ಕೊರೀವಾಗ ಉಳಿ ಇನ್ನೂ ಆಳಕ್ಕೆ ಒತ್ತಬಾರ್ದು. ಹಾಗೇ ನಾಲ್ಕೈದು ಸಲ ಬರೀ ಓಡಾಡಿಸ್ಬೇಕು. ನಿಂಗೆ ಅವಸರ." ಚಪ್ಪಲಿಗಳು ಎರಡು ಹೆಜ್ಜೆ ಹೋಗಿ ನಿಂತವು. "ಕರೆಂಟು ಕೇಳಬೇಡ. ಕೊಡಲ್ಲ."

"ಕೇಳಲ್ಲ. ಲೇತನ್ನ ಕಾಲಲ್ಲಿ ತುಳಿದು ಓಡ್ಸೋ ಹಾಗೆ ಮಾಡ್ಕೋತೀನಿ."

"ಏನಾದ್ರೂ ಮಾಡ್ಕೊಂಡು ಸಾಯಿ," ಎಂದು ಮಾವ ಹೊರಟುಹೋದ.

ಐದು ಬೋಲ್ಟು ಬಂದವು. ಆರನೆಯದು ತುಕ್ಕು ಹಿಡಿದು ಪೂರ್ತಿ ಸುತ್ತುತ್ತಿತ್ತು. ಮೇಲೆ ಬೋಲ್ಟಿನ ತಲೆಯನ್ನು ಇನ್ನೊಬ್ಬರು ಸ್ಪ್ಯಾನರಿನಲ್ಲಿ ಹಿಡಿಯದೆ ಕೆಳಗಿನ ನಟ್ಟು ಬಿಚ್ಚುವಂತಿರಲಿಲ್ಲ. ಅಳಿಯ ಯಾರನ್ನೂ ಕರೆಯಲಿಲ್ಲ. ಹತ್ತು ಸಲ ಪ್ರಯತ್ನಿಸಿದ, ಹತ್ತು ಸಲವೂ ಬೋಲ್ಟು ಬರಿದೇ ಸುತ್ತಿತು. ಆಗ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಹಲಗೆಯ ಸಂದಿನಿಂದ ಭಾವನ ಮುಂಗೈ ಕಾಣಿಸಿತು.

"ಹಿಡಿದಿದ್ದೀನಿ. ತಿರುಗಿಸು."

ಅಳಿಯ ತಿರುಗಿಸಿದ. ಬೋಲ್ಟು ಕಿರ್ರೆಂದಿತು.

"ಜೋರಾಗಿ ತಿರುಗಿಸೋ, ಉಂಡಿಲ್ವಾ?"

"ನೀವು ಗಟ್ಟಿಯಾಗಿ ಹಿಡೀರಿ ಮೊದ್ಲು."

ಇಬ್ಬರೂ ಹಲ್ಲು ಕಚ್ಚಿ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ, ಒಂದೇ ಬೋಲ್ಟಿನ ಎರಡು ತುದಿಗಳಲ್ಲಿ ಮೈಯ ಬಲವನ್ನೆಲ್ಲ ಹಾಕಿ ಜಗ್ಗಿದರು.