ದೂರದರ್ಶಕದ ಕೆಳಗಿನ ಮೂರು ಕಾಲು

ನಾನು ಒಂದು ದೂರದರ್ಶಕದ ಸ್ಟ್ಯಾಂಡ್. ದೂರದರ್ಶಕ ಎಂದರೆ ಎಲ್ಲರಿಗೂ ಉದ್ದನೆಯ ಕೊಳವೆ ನೆನಪಾಗುತ್ತದೆ. ಅದನ್ನು ಹೊತ್ತವರ ನೆನಪು ಯಾರಿಗೂ ಬರುವುದಿಲ್ಲ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ನನಗೆ ಮೂರು ಉಕ್ಕಿನ ಕಾಲು, ಹಲ್ಲುಚಕ್ರಗಳ ಕತ್ತು, ಒಂದು ಪುಟ್ಟ ಮೋಟರು ಕೂಡಿಸಿದರು. ಭೂಮಿ ತಿರುಗುವುದರಿಂದ ಆಕಾಶದ ಚುಕ್ಕಿಗಳು ಸರಿಯುತ್ತಾ ಹೋಗುತ್ತವೆ. ಅವು ಸರಿದಷ್ಟೇ ನಿಧಾನವಾಗಿ ಕೊಳವೆಯನ್ನೂ ತಿರುಗಿಸುವುದು ನನ್ನ ಕೆಲಸ. ಹಾಗೆ ತಿರುಗಿಸಿದರೆ ಮಾತ್ರ ಫೋಟೋದಲ್ಲಿ ಚುಕ್ಕಿ ಗೆರೆಯಾಗದೆ ಚುಕ್ಕಿಯಾಗಿಯೇ ಬೀಳುತ್ತದೆ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬಹಳ ಕಾಲ ಸುಮ್ಮನೆ ನಿಂತಿದ್ದೆ. ಅಲ್ಲಿಗೆ ಬಂದವನು ಗಜೇಂದ್ರಗಡದ ಫಕೀರೇಶ. ಊರಿನಲ್ಲಿ ಅವನದೊಂದು ಸ್ಟುಡಿಯೋ, ಮದುವೆಗಳ ಫೋಟೋ ತೆಗೆಯುವುದು ಅವನ ಕಸುಬು.

"ಚುಕ್ಕಿ ಫೋಟೋ ತೆಗೀಬೇಕ್ರೀ" ಎಂದ. "ನನ್ನ ಹೆಂಡ್ತಿಗೆ ರಾತ್ರಿ ಕಣ್ಣ ಕಾಣೂದಿಲ್ಲ. ಸಣ್ಣಾಕಿ ಇದ್ದಾಗಿಂದ ಒಂದ ಚುಕ್ಕಿ ನೋಡಿಲ್ಲ ಆಕಿ. ಫೋಟೋ ತಗದು ಹಗಲಾಗ ತೋರಿಸ್ಬೇಕು."

ಅಂಗಡಿಯ ಹೆಂಗಸು ನನ್ನ ಕತ್ತು ಹಿಡಿದು ಅಲ್ಲಾಡಿಸಿ ತೋರಿಸಿದಳು. "ಹಂಗಾದ್ರ ಸಣ್ಣ ಕೊಳವಿ ತಗೋರಿ ಸರ್. ದೊಡ್ಡದು ಬರೇ ಕಣ್ಣಿಲೆ ನೋಡಾಕ ನಡೀತೈತಿ. ಫೋಟೋಕ್ಕ ಈ ಸ್ಟ್ಯಾಂಡು ಅದನ್ನ ತಡಿಯೂದಿಲ್ಲ, ಅಲ್ಲಾಡ್ತೈತಿ."

ಫಕೀರೇಶನ ಕೈ ಆಗಲೇ ದೊಡ್ಡ ಕೊಳವೆಯ ಮೇಲಿತ್ತು. "ಒಂದ ಸಲ ತಗೊಳ್ಳೂದು. ದೊಡ್ಡದ ಇರ್ಲಿ ಬಿಡ್ರಿ."

ಅಂದಿನಿಂದ ನನ್ನ ದಣಿವು ಶುರುವಾಯಿತು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತವೆ. ಅಂಥ ಊರಿನಲ್ಲಿ ಗಾಳಿಗೇನು ಕೊರತೆ? ಮಾಳಿಗೆಯ ಮೇಲೆ ಆ ಕೊಳವೆಯನ್ನು ಹೊತ್ತು ನಿಂತರೆ ನನ್ನ ಕತ್ತು ನಡುಗುತ್ತಿತ್ತು, ಹಲ್ಲುಚಕ್ರಗಳು ಕಿರುಗುಟ್ಟುತ್ತಿದ್ದವು. ಫೋಟೋದಲ್ಲಿ ಚುಕ್ಕಿಗಳೆಲ್ಲ ಎಳೆದ ದಾರದಂತೆ ಬೀಳುತ್ತಿದ್ದವು. ಫಕೀರೇಶ ನನ್ನ ಕಾಲಿಗೆ ಮರಳಿನ ಚೀಲ ಕಟ್ಟಿದ. ಗಾಳಿ ತಡೆಯಲು ಸುತ್ತಲೂ ತಾಡಪತ್ರಿ ಬಿಗಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಳಗೆ ಅವನ ಹೆಂಡತಿ ಕಸ್ತೂರಿ ಕಾಯುತ್ತಿದ್ದಳು. ಹಗಲು ಸ್ಟುಡಿಯೋದ ಅರ್ಧ ಕೆಲಸ ಅವಳದೇ. ದೀಪ ಹಚ್ಚುವ ಹೊತ್ತಾದರೆ ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಹಗಲಿನ ನೋಟವೂ ಬರಬರುತ್ತಾ ಕಿರಿದಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಫಕೀರೇಶನ ಅವಸರ ಅದಕ್ಕೆ.

"ಬಂತೇನ್ರೀ?" ಎಂದು ಅವಳು ಮೆಟ್ಟಿಲ ಕೆಳಗಿಂದ ಕೇಳುತ್ತಿದ್ದಳು.

"ನಾಳೆ ಬರ್ತೈತಿ" ಎನ್ನುತ್ತಿದ್ದ ಅವನು. ಎಷ್ಟು ನಾಳೆಗಳನ್ನು ನಾನು ಹೊತ್ತೆನೋ!

ಚಳಿಗಾಲದಲ್ಲಿ ಒಮ್ಮೆ ಗಾಳಿ ಪೂರ್ತಿ ನಿಂತಿತು. ಆ ರಾತ್ರಿ ಹೇಗೋ ನಡುಗದೆ ತಿರುಗಿದೆ. ಆಕಾಶದಾಳದಲ್ಲೊಂದು ಗುಲಾಬಿ ಬಣ್ಣದ ಅನಿಲದ ಮೋಡ, ಅದರೊಳಗೆ ಚುಕ್ಕಿಗಳು, ಎಲ್ಲ ಚೊಕ್ಕವಾಗಿ ಫೋಟೋದಲ್ಲಿ ಬಂದವು. ಬೆಳಿಗ್ಗೆ ಫಕೀರೇಶ ನನ್ನನ್ನು ಸ್ಟುಡಿಯೋದ ಮೂಲೆಗೆ ಒರಗಿಸಿ, ಕಂಪ್ಯೂಟರಿನ ಮುಂದೆ ಕಸ್ತೂರಿಯನ್ನು ಕೂರಿಸಿದ.

ಅವಳು ಬಹಳ ಹೊತ್ತು ನೋಡಿದಳು. "ಚಂದ ಐತ್ರಿ. ಮಾಳಗಿ ಮ್ಯಾಲ ನಿಂತ್ರ ನಿಮಗ ಹಿಂಗ ಕಾಣ್ತೈತೇನು?"

"ಇಲ್ಲ, ಬರೇ ಕಣ್ಣಿಗೆ ಹಿಂಗ ಕಾಣೂದಿಲ್ಲ. ಇದು ಕ್ಯಾಮರಾಕ್ಕ ಅಷ್ಟ ಸಿಗೂದು."

"ನನಗ ಇದು ಬ್ಯಾಡ್ರಿ. ಊರ ಮಂದಿ ತಲಿ ಎತ್ತಿದ್ರ ಏನ್ ಕಾಣ್ತೈತಿ, ಅದು ಬೇಕು."

ಫಕೀರೇಶನ ಮುಖ ಸಣ್ಣದಾಯಿತು. ಇಷ್ಟು ದಿನ ಒದ್ದಾಡಿದ್ದು ಯಾವುದಕ್ಕೆ ಎಂದು ನನಗೂ ಅನ್ನಿಸಿತು. ಆದರೆ ಅವನು ವಾದಕ್ಕೆ ಇಳಿಯಲಿಲ್ಲ. ಅದೇ ಸಂಜೆ ಕೊಳವೆಯನ್ನು ಬಿಚ್ಚಿ ಕೆಳಗಿಟ್ಟ. ಮದುವೆಗೆ ಒಯ್ಯುವ ಕ್ಯಾಮರಾವನ್ನೇ ನನ್ನ ಕತ್ತಿಗೆ ಬಿಗಿದ. ಮೋಟರು ನಿಲ್ಲಿಸಿದ. ಅಗಲ ನೋಟದ ಆ ಲೆನ್ಸಿಗೆ ಕೆಲವೇ ಸೆಕೆಂಡು ಸಾಕು, ಅಷ್ಟರಲ್ಲಿ ಚುಕ್ಕಿ ಗೆರೆಯಾಗುವುದಿಲ್ಲ. ನಾನು ತಿರುಗಬೇಕಾಗಿರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ಭಾರವೆಂಬುದು ಎಷ್ಟು ಕಡಿಮೆ ಇರಬಹುದು ಎಂದು ಅವತ್ತು ತಿಳಿಯಿತು.

ಮರುದಿನ ಪರದೆಗೆ ಬಂದ ಫೋಟೋದಲ್ಲಿ ಅವರ ನೀರಿನ ಟ್ಯಾಂಕಿತ್ತು, ಪಕ್ಕದ ಮನೆಯವರು ಒಣಹಾಕಿ ಮರೆತ ಸೀರೆಯಿತ್ತು, ದೂರದ ಗಾಳಿಯಂತ್ರಗಳ ಕೆಂಪು ದೀಪಗಳಿದ್ದವು. ಅವೆಲ್ಲದರ ಮೇಲೆ, ಅಂಚಿನಿಂದ ಅಂಚಿಗೆ, ಚುಕ್ಕಿಗಳು.

ಕಸ್ತೂರಿ ಪರದೆಯ ಮೇಲೆ ಬೆರಳಿಟ್ಟಳು. ಟ್ಯಾಂಕನ್ನು ಗುರುತಿಸಿದಳು. ಬೆರಳು ಮೇಲೆ ಹೋಯಿತು.

"ಇಷ್ಟೆಲ್ಲಾ ನಮ್ಮನಿ ಮ್ಯಾಲ ಇದ್ದುವಾ?"

"ಹೂಂ. ದಿನಾ ಇರ್ತಾವು."

"ನಮ್ಮವ್ವ ನೋಡ್ರಿ! ನಾಕ ಚುಕ್ಕಿ ಅದಾವ, ನೀ ಏನೂ ಕಳ್ಕೊಂಡಿಲ್ಲ ಅಂತಿದ್ಲು. ಎಂಥಾ ಸುಳ್ಳಬುರಕಿ!"

ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಪರದೆಗೆ ಮುಖ ಹತ್ತಿರ ಮಾಡಿದಳು. ಫಕೀರೇಶ ಅವಳ ಹಿಂದೆ ನಿಂತೇ ಇದ್ದ. ಹೊರಗೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಕಾಯುತ್ತಿದ್ದರು, ಕಾಯಲಿ ಎಂದು ಬಿಟ್ಟ.

ಕೊಳವೆ ಆಮೇಲೆ ಒಂದು ಕಾಲೇಜಿಗೆ ಹೋಯಿತು. ಅವರಿಗೆ ಗಟ್ಟಿ ಸ್ಟ್ಯಾಂಡು ಬೇಕಿತ್ತು, ನನ್ನನ್ನು ಒಯ್ಯಲಿಲ್ಲ. ಕೆಲವು ಮದುವೆ ಸೀಸನ್ನು ಲೈಟು ಹಿಡಿದು ನಿಂತೆ. ಮೋಟರು ಕೆಟ್ಟಿತು, ಗ್ರೀಸು ಒಣಗಿತು, ಒಂದು ಕಾಲಿನ ಸ್ಕ್ರೂ ಎಲ್ಲೋ ಬಿದ್ದುಹೋಯಿತು. ಈಗ ಮಾಳಿಗೆಯ ಬಾಗಿಲ ಪಕ್ಕ, ಮೆಟ್ಟಿಲು ಮುಗಿಯುವಲ್ಲಿ ನಿಂತಿದ್ದೇನೆ. ಯಾರಾದರೂ ನನ್ನನ್ನು ಗುಜರಿಗೆ ಕೊಟ್ಟರೂ ಬೇಸರವಿಲ್ಲ. ದಣಿದವರಿಗೆ ಬೇಸರಪಡಲೂ ಶಕ್ತಿ ಬೇಕು.

ಕಸ್ತೂರಿಯ ನೋಟ ಈಗ ಹಗಲಲ್ಲೂ ಕಿರಿದಾಗಿದೆ. ಆದರೂ ಊಟವಾದ ಮೇಲೆ ಗಂಡನ ಹೆಗಲು ಹಿಡಿದು ಮಾಳಿಗೆಗೆ ಬರುತ್ತಾಳೆ. ಮೊದಲು ಬರುತ್ತಿರಲಿಲ್ಲ. ಇಬ್ಬರೂ ನನ್ನನ್ನು ದಾಟಿ ಹೊರಗೆ ಹೋಗುತ್ತಾರೆ. ಅವಳು ಕತ್ತಲಿಗೆ ಮುಖವೆತ್ತಿ ನಿಂತು ಕೇಳುತ್ತಾಳೆ:

"ಇವತ್ತ ಟ್ಯಾಂಕಿನ ಮ್ಯಾಲ ಯಾವು ಬಂದಾವ್ರಿ?"

ಅವನು ಒಂದೊಂದಾಗಿ ಹೇಳತೊಡಗುತ್ತಾನೆ.