ದರ್ಜಿಯ ಒಂದೇ ಲೋಟ

ಹದಿನೈದು ವರ್ಷಗಳಿಂದ ಎಚ್‌ಐವಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದ ಮುದಿ ದರ್ಜಿಗೆ, ನರ್ಸ್ ಕುಡಿತದ ಮಾತೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. "ದಿನಕ್ಕೆ ಒಂದೇ ಲೋಟ!" ಎಂದು ಪ್ರತಿ ಸಲವೂ ಗದರುತ್ತಿದ್ದ.

ಅವಳೂ ಬಿಡುವವಳಲ್ಲ. "ಹಾಗಾದ್ರೆ ಆ ಲೋಟಾನೇ ತನ್ನಿ, ತಾತ" ಎಂದಿದ್ದಳು.

ಇವತ್ತು ತಂದ. ಅವಳು ಸರಿಯಾಗಿ ಒಂದು ಪೆಗ್ಗು ಹಿಡಿಯುವ ಔಷಧಿಯ ಅಳತೆ ಕಪ್ಪಿನಿಂದ ಅದಕ್ಕೆ ನೀರು ಸುರಿಯುತ್ತ ಹೋದಳು. ಒಂದು ಪೆಗ್ಗು, ಎರಡು, ಮೂರು... ಲೋಟ ತುಂಬಿದ್ದು ಐದಕ್ಕೆ.

"ಈ ವಯಸ್ಸಲ್ಲಿ, ಈ ಮಾತ್ರೆ ಜೊತೆ, ಲಿವರ್ ಇಷ್ಟೆಲ್ಲ ತಡ್ಕೊಳ್ಳಲ್ಲ ತಾತ. ಎಷ್ಟಂತ ಬರೀಲಿ?"

ದರ್ಜಿ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಐದು ಅಂತ್ಲೇ ಬರ್ಕೊಳ್ಳಮ್ಮ. ನಾಚ್ಕೊಂಡು ಸೊಂಟದ ಅಳತೆ ಕಡಿಮೆ ಹೇಳಿದೋರ ಪ್ಯಾಂಟಿನ ಹೊಲಿಗೆ ಬಿಚ್ಚೀ ಬಿಚ್ಚೀ ನಂಗೆ ಮುಪ್ಪು ಬಂದಿದೆ. ನಾಳೆಯಿಂದ ಎಷ್ಟು ಇಳಿಸ್ಬೇಕು, ಅದನ್ನೂ ಪಕ್ಕದಲ್ಲೇ ಬರಿ."